ಸಂಧಿವಾತ ಇರುವ ಮಗುವಿಗೆ ವೀಲ್‌ಚೇರ್ ಕೊಟ್ಟರೆ ಕಾಲು ಸೋಮಾರಿ ಆಗುತ್ತಾ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (10 ವರ್ಷದ ಹುಡುಗಿಯ ತಾಯಿ): ನಮಸ್ಕಾರ ಮೇಡಂ. ನನ್ನ ಮಗಳಿಗೆ ಏಳನೇ ವಯಸ್ಸಿನಿಂದ ಮಕ್ಕಳ ಸಂಧಿವಾತ ಇದೆ. ರಿಪೋರ್ಟಿನಲ್ಲಿ ಜೆಐಎ ಅಂತ ಬರೆದಿದ್ದಾರೆ. ಎರಡೂ ಮಂಡಿ, ಒಂದು ಪಾದದ ಕೀಲು, ಎರಡೂ ಮಣಿಕಟ್ಟು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ನಡೀತಿದೆ. ಹತ್ತಿರ ಓಡಾಡುತ್ತಾಳೆ, ದೂರ ಆದರೆ ಅರ್ಧದಲ್ಲೇ ಕೂತುಬಿಡುತ್ತಾಳೆ. ನೋವು ಜಾಸ್ತಿ ಇದ್ದ ದಿನ ಕೋಲು, ದೂರ ಹೋಗುವಾಗ ವೀಲ್‌ಚೇರ್ ಬಳಸಿ ಅಂತ ಅವಳ ಫಿಸಿಯೋ ಹೇಳಿದ್ದಾರೆ. ನಮ್ಮ ಮನೆಯವರು ಬಿಲ್‌ಕುಲ್ ಒಪ್ಪುತ್ತಿಲ್ಲ. "ಈಗಲೇ ಕೂರಿಸಿದರೆ ಆಮೇಲೆ ಏಳೋದೇ ಇಲ್ಲ" ಅನ್ನುತ್ತಾರೆ. ಮಗಳೋ, "ಅಜ್ಜಿ ಥರ ಕಾಣ್ತೀನಿ" ಅಂತ ಕೋಲನ್ನು ಮುಟ್ಟುವುದಿಲ್ಲ. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮನೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ನಿಜ ಇದೆ. ದಿನವಿಡೀ ಮಂಡಿ ಮಡಚಿ ಕೂತರೆ, ಅದು ಪೂರ್ತಿ ಚಾಚಲು ಬಾರದ ಹಾಗೆ ಬಿಗಿದುಕೊಳ್ಳುತ್ತದೆ. ಬಳಸದ ಸ್ನಾಯು ಸೊರಗುತ್ತದೆ.

ಇನ್ನರ್ಧವನ್ನೂ ಅವರಿಗೆ ಹೇಳಿ. ಮಂಡಿ ಊದಿಕೊಂಡಾಗ ತೊಡೆಯ ಮುಂಭಾಗದ ಸ್ನಾಯುವಿನ ಕೆಲಸ ತಾನಾಗಿಯೇ ತಗ್ಗುತ್ತದೆ. ನಡೆದಾಡುತ್ತಲೇ ಇರುವ ಮಗುವಿಗೂ ಹೀಗಾಗುತ್ತದೆ. ಮಗಳು ಕಾಲು ಚಾಚಿ ಕೂತಾಗ ಮಂಡಿ ಚಿಪ್ಪಿನ ಸ್ವಲ್ಪ ಮೇಲೆ, ಒಳಬದಿಗೆ ಬೆರಳಿಟ್ಟು "ಗಟ್ಟಿ ಮಾಡು" ಅನ್ನಿ. ಅಲ್ಲಿ ಮೆತ್ತಗೆ, ತೆಳ್ಳಗೆ ಸಿಕ್ಕರೆ ಆ ಸ್ನಾಯು ಸೊರಗಿರಬಹುದು. ಅವಳನ್ನು ಕುಂಟುತ್ತಾ ಒಂದೆರಡು ಕಿಲೋಮೀಟರ್ ನಡೆಸಿದರೆ ಅದು ಗಟ್ಟಿಯಾಗುವುದಿಲ್ಲ. ಕುಂಟಿದಾಗ ಭಾರ ಸೊಂಟದ ಕೀಲಿಗೆ, ಇನ್ನೊಂದು ಕಾಲಿಗೆ ಬೀಳುತ್ತದೆ, ಅಷ್ಟೇ. ಸ್ನಾಯು ಬಲವಾಗುವುದು ಊತ ಹತೋಟಿಗೆ ಬಂದು, ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿದಾಗ. ಈಜು, ಸೈಕಲ್ ಕೂಡ ಒಳ್ಳೆಯದು, ಕೀಲಿಗೆ ಪೆಟ್ಟು ಕಡಿಮೆ.

ವೀಲ್‌ಚೇರ್ ಇರುವುದು ದೂರಕ್ಕೆ. ವ್ಯಾಯಾಮದ ಬದಲಿಗೆ ಅಲ್ಲ. "ಅವಳು ನಡೆಯಬಲ್ಲಳಾ?" ಅಂತ ಕೇಳಿದರೆ ಉತ್ತರ ಯಾವಾಗಲೂ "ಹೌದು" ಅಂತಲೇ ಬರುತ್ತದೆ, ಮಕ್ಕಳು ಹಟಕ್ಕೆ ಬಿದ್ದಾದರೂ ನಡೆದುಬಿಡುತ್ತಾರೆ. ನಾನು ಕೇಳುವುದು ಬೇರೆ: ನಡೆದ ಮೇಲೆ ಅವಳಲ್ಲಿ ಏನು ಉಳಿಯುತ್ತದೆ? ಮೃಗಾಲಯಕ್ಕೆ ಹೋದಿರಿ ಅನ್ನಿ. ಗೇಟಿನಿಂದ ಆನೆಯವರೆಗೆ ನಡೆದೇ ಬಂದಳು. ಆನೆ ನೋಡುವ ಹೊತ್ತಿಗೆ ಮುಖ ಬಾಡಿದೆ, ಬೆಂಚು ಹುಡುಕುತ್ತಿದ್ದಾಳೆ. ಮರುದಿನ ಹಾಸಿಗೆಯಿಂದ ಎದ್ದಿಲ್ಲ, ಸ್ಕೂಲು ತಪ್ಪಿತು, ವ್ಯಾಯಾಮವೂ ತಪ್ಪಿತು. ಅದೇ ದೂರವನ್ನು ವೀಲ್‌ಚೇರಿನಲ್ಲಿ ಬಂದು, ಪ್ರತಿ ಪ್ರಾಣಿಯ ಮುಂದೆ ಎದ್ದು ನಿಂತು ನೋಡಿದರೆ? ಒಟ್ಟು ಲೆಕ್ಕದಲ್ಲಿ ಯಾವ ದಿನ ಅವಳು ಜಾಸ್ತಿ ಓಡಾಡಿದ್ದು ಅಂತ ನಿಮ್ಮ ಮನೆಯವರನ್ನೇ ಕೇಳಿ.

ಒಂದೇ ಷರತ್ತು. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚಲಿ.

ಈಗ ಕೋಲಿನ ವಿಷಯ. ಮಣಿಕಟ್ಟು ಎರಡೂ ನೋಯುತ್ತವೆ ಅಂದಿರಿ. ಹಾಗಿದ್ದರೆ ಅಂಗಡಿಯ ಮಾಮೂಲಿ ಕೋಲನ್ನೋ ಕ್ರಚಸ್ಸನ್ನೋ ತಂದು ಕೊಡಬೇಡಿ. ಮಂಡಿಯ ಭಾರವನ್ನು ಮಣಿಕಟ್ಟಿಗೆ ಸಾಗಿಸಿದ ಹಾಗಾಗುತ್ತದೆ. ಮುಂಗೈಯನ್ನು ಇಡೀ ಊರಿಕೊಳ್ಳುವಂಥ, ಮೇಲೆ ತೊಟ್ಟಿಯ ಆಕಾರದ ಮೆತ್ತೆ ಇರುವ ಕ್ರಚಸ್ ಬರುತ್ತವೆ. ಅದು ಬೇಕಾ, ದಪ್ಪ ಹಿಡಿಯ ಕೋಲು ಸಾಕಾ ಅಂತ ಅವಳ ಫಿಸಿಯೋ ನೋಡಿ ಹೇಳಲಿ. ಕೋಲೇ ಆದರೆ, ಬೂಟು ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿಯುವುದು ಜಾಸ್ತಿ ನೋಯುವ ಕಾಲಿನ ಎದುರುಗೈಯಲ್ಲಿ. ಎಷ್ಟೋ ಜನ ನೋಯುವ ಕಡೆಯೇ ಹಿಡಿದು, ಇದರಿಂದ ಏನೂ ಉಪಯೋಗ ಇಲ್ಲ ಅಂತ ಮೂಲೆಗೆ ಇಟ್ಟುಬಿಡುತ್ತಾರೆ. ವೀಲ್‌ಚೇರಿನ ಚಕ್ರವನ್ನು ತಾನೇ ತಳ್ಳಿದರೂ ಮಣಿಕಟ್ಟಿಗೆ ತ್ರಾಸ. ಹಾಗಾಗಿ ಬೇರೆಯವರು ತಳ್ಳಬೇಕಾಗಬಹುದು. ಆದರೆ ಅವಳನ್ನು ಕೇಳದೆ ಯಾರೂ ಹಿಡಿಗೆ ಕೈ ಹಾಕಬಾರದು. ಮನೆಯಲ್ಲಿ ಇದನ್ನು ಮೊದಲ ದಿನವೇ ಕಟ್ಟುನಿಟ್ಟು ಮಾಡಿ.

"ಅಜ್ಜಿ ಥರ" ಅನ್ನುವ ಮಾತಿಗೆ ಉಪದೇಶ ಬೇಡ. "ಹಾಗೇನಿಲ್ಲ ಪುಟ್ಟಾ, ಚೆನ್ನಾಗೇ ಕಾಣ್ತೀಯ" ಅಂದರೆ ಅವಳು ನಂಬುವುದಿಲ್ಲ. ಆಯ್ಕೆ ಅವಳ ಕೈಗೆ ಕೊಡಿ. ಯಾವ ಬಣ್ಣ, ಮಡಚಿ ಬ್ಯಾಗಿನಲ್ಲಿ ಇಡುವುದಾ, ಯಾವ ಜಾಗದಲ್ಲಿ ತೆಗೆಯುವುದು, ಯಾವ ಗೆಳತಿಯ ಮುಂದೆ ಮೊದಲು. ಬಾಡಿಗೆಗೋ ಎರವಲೋ ಸಿಕ್ಕರೆ ಮೊದಲು ಅದನ್ನೇ ತನ್ನಿ. ಬೇಡ ಅಂದರೆ ವಾಪಸ್ ಕೊಡಬಹುದು ಅಂತ ಗೊತ್ತಿದ್ದರೆ ಮಗು ಅರ್ಧ ಒಪ್ಪಿದ ಹಾಗೆ. ಇನ್ನೊಂದು, ಅವಳು ನಿಮ್ಮ ಮುಖ ನೋಡುತ್ತಾಳೆ. ಕಾರಿನಿಂದ ವೀಲ್‌ಚೇರ್ ಇಳಿಸುವಾಗ ನೀವು ಸುತ್ತಮುತ್ತ ಯಾರಿದ್ದಾರೆ ಅಂತ ಕಣ್ಣಾಡಿಸಿದರೆ, ಅವಳಿಗೆ ಅದೇ ಉತ್ತರ.

ಅದೇ ತಾಯಿ: ಥ್ಯಾಂಕ್ಸ್ ಮೇಡಂ. ಇದನ್ನು ಇವರಿಗೂ ಓದಿಸುತ್ತೇನೆ. ನಮ್ಮ ಇನ್ನೊಂದು ತಲೆನೋವು ಕೇಳಿ. ಬೆಳಿಗ್ಗೆ ಮೆಟ್ಟಿಲು ಇಳಿಯಲೂ ಆಗದವಳು ಸಂಜೆ ಓಡುತ್ತಾಳೆ. ಮನೆಗೆ ಬಂದವರೆಲ್ಲ "ಸ್ಕೂಲು ತಪ್ಪಿಸೋಕೆ ನಾಟಕ" ಅನ್ನುತ್ತಾರೆ.

ಉತ್ತರ: ಬೆಳಿಗ್ಗೆ ಕೆಟ್ಟು ಸಂಜೆಗೆ ಸಡಿಲವಾಗುವುದೇ ಈ ಕಾಯಿಲೆಯ ಗುರುತು. ಕೀಲಿನ ಒಳಪೊರೆ ಬಾತುಕೊಂಡಿರುತ್ತದೆ. ರಾತ್ರಿಯೆಲ್ಲ ಅಲುಗಾಡದೆ ಮಲಗಿದಾಗ ಕೀಲು ಬಿಗಿಯುತ್ತದೆ, ಓಡಾಡಿದ ಹಾಗೆ ಬಿಡುತ್ತದೆ. ತಣ್ಣಗಾದ ಜೇನು ಬಾಟಲಿಯಿಂದ ಇಳಿಯದೆ ಹಟ ಮಾಡುತ್ತದಲ್ಲ, ಅದೇ ರೀತಿ. ಕ್ಲಾಸಿನಲ್ಲಿ ಎರಡು ಪೀರಿಯಡ್ ಒಂದೇ ಕಡೆ ಕೂತು ಎದ್ದಾಗಲೂ ಹೀಗೇ ಆಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸಿ, ಬಿಸಿನೀರಿನ ಸ್ನಾನ ಮಾಡಿಸಿ, ಅಲ್ಲೇ ಮಂಡಿ ಮಡಚಿ ಬಿಡಿಸಲಿ. ಸಂಜೆ ಓಡಿದರೆ ಓಡಲಿ ಬಿಡಿ. "ಬೆಳಿಗ್ಗೆ ಕೋಲು ಬೇಕಿತ್ತು, ಈಗ ಹೇಗೆ ಓಡ್ತೀಯ?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿಸಿಕೊಂಡ ಮಕ್ಕಳು, ನೋವು ಇದೆ ಅಂತ ತೋರಿಸಲು ಆಟ ಬಿಡುತ್ತಾರೆ. ಬಂದವರಿಗೆ ಮನವರಿಕೆ ಮಾಡುವ ಕೆಲಸ ಅವಳದ್ದಲ್ಲ.

ಒಂದು ಎಚ್ಚರಿಕೆ. ಕೋಲು, ವೀಲ್‌ಚೇರ್ ಬೇಕಾಗುವ ದಿನಗಳು ಹೆಚ್ಚುತ್ತಾ ಹೋದರೆ ಬರೆದಿಟ್ಟುಕೊಂಡು ರುಮಟಾಲಜಿ (ಸಂಧಿವಾತದ) ಡಾಕ್ಟರಿಗೆ ತೋರಿಸಿ. ಔಷಧಿ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. 1999ರಲ್ಲಿ ಅಮೆರಿಕದಲ್ಲಿ ಎಟನರ್ಸೆಪ್ಟ್‌ಗೆ ಈ ಮಕ್ಕಳಿಗಾಗಿ ಒಪ್ಪಿಗೆ ಸಿಕ್ಕ ಮೇಲೆ, ಉರಿಯೂತ ಎಬ್ಬಿಸುವ ಸಂಕೇತಗಳನ್ನೇ ದೇಹದೊಳಗೆ ತಡೆಯುವ, ಬಯೋಲಾಜಿಕ್ ಅನ್ನುವ ಔಷಧಿಗಳು ಒಂದೊಂದಾಗಿ ಬಂದಿವೆ. ಮೆಥೊಟ್ರೆಕ್ಸೇಟ್ ಒಂದರಲ್ಲೇ ನಿಲ್ಲಬೇಕಾಗಿಲ್ಲ.

ಪ್ರಶ್ನೆ (13 ವರ್ಷದ ಹುಡುಗನ ತಂದೆ): ಮೇಡಂ, ನಮ್ಮದು ಉಲ್ಟಾ ಸಮಸ್ಯೆ. ಒಮ್ಮೆ ಕಾಯಿಲೆ ಕೆರಳಿದಾಗ ವೀಲ್‌ಚೇರ್ ಕೊಟ್ಟೆವು. ಈಗ ಊತ ಇಲ್ಲ, ರಕ್ತದ ರಿಪೋರ್ಟೂ ಚೆನ್ನಾಗಿದೆ. ಆದರೂ ಮನೆಯೊಳಗೂ ಅದರಲ್ಲೇ ಇರುತ್ತಾನೆ. ಕಿತ್ತಿಟ್ಟುಬಿಡಲಾ?

ಉತ್ತರ: ಬೇಡ ಸರ್. ಕಿತ್ತಿಟ್ಟರೆ ಅವನು ಹಾಸಿಗೆ ಹಿಡಿಯುತ್ತಾನೆ, ನಿಮ್ಮ ಜೊತೆ ಮಾತೂ ಬಿಡುತ್ತಾನೆ. ಆ ವಯಸ್ಸಿನಲ್ಲಿ ಮತ್ತೆ ನೋಯುತ್ತದೆ ಅನ್ನುವ ಹೆದರಿಕೆ ಕೀಲಿಗಿಂತ ನಿಧಾನವಾಗಿ ವಾಸಿಯಾಗುತ್ತದೆ. ಮೊದಲು ಮಂಡಿ ಪೂರ್ತಿ ಚಾಚುತ್ತದೆಯಾ ಅಂತ ಪರೀಕ್ಷೆ ಮಾಡಿಸಿ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟು ಮಲಗುತ್ತಿದ್ದರೆ ತೆಗೆಯಿರಿ. ಹಾಯೆನಿಸುತ್ತದೆ, ಆದರೆ ಮಡಚಿದ ಮಂಡಿ ಹಾಗೇ ಉಳಿದುಬಿಡುತ್ತದೆ. ಆಮೇಲೆ ಮನೆಯೊಳಗೆ ಒಂದೇ ದಾರಿ ಆರಿಸಿ, ಕೋಣೆಯಿಂದ ಊಟದ ಮೇಜಿನವರೆಗೆ. ಅಷ್ಟು ನಡಿಗೆ. ಹೊರಗೆ ವೀಲ್‌ಚೇರ್ ಇರಲಿ. ಫಿಸಿಯೋ ಜೊತೆ ವಾರಕ್ಕಿಷ್ಟು ಅಂತ ಏರಿಸುತ್ತಾ ಹೋಗಿ, ಎಷ್ಟು ಅಂತ ಅವನೇ ಹೇಳಲಿ. ಗೆಳೆಯರನ್ನೂ ದೂರ ಮಾಡಿದ್ದಾನೆ, ನಿದ್ದೆ ಇಲ್ಲ ಅಂತಾದರೆ ಮಕ್ಕಳ ಮನೋವೈದ್ಯರ ಹತ್ತಿರವೂ ಹೋಗಿ.

ಪ್ರಶ್ನೆ (4 ವರ್ಷದ ಮಗುವಿನ ತಾಯಿ): ನಮ್ಮ ಪುಟ್ಟಿಗೆ ಒಂದೇ ಮಂಡಿ. ನೋವು ಅಂತ ಬಾಯಿ ಬಿಟ್ಟು ಹೇಳುವುದೇ ಇಲ್ಲ. ಏನು ನೋಡಬೇಕು?

ಉತ್ತರ: ಬೆಳಿಗ್ಗೆ ಎತ್ತಿಕೋ ಅನ್ನುವುದು, ಮೆಟ್ಟಿಲನ್ನು ಕೂತು ಇಳಿಯುವುದು, ನೆಲದ ಮೇಲೆ ಆಡುವುದನ್ನು ಬಿಟ್ಟದ್ದು. ಇವೇ ಅವಳ ದೂರು. ಚಿಕ್ಕ ಮಕ್ಕಳಲ್ಲಿ ಊದಿದ ಮಂಡಿಗೆ ರಕ್ತ ಜಾಸ್ತಿ ಹರಿದು ಆ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯಬಹುದು. ಅಳತೆ ಮಾಡಿಸಿ. ಬೇಕಾದರೆ ಗಿಡ್ಡ ಕಾಲಿನ ಬೂಟಿಗೆ ಅಟ್ಟೆ ಏರಿಸುತ್ತಾರೆ.

ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಲೇಬೇಡಿ. ಈ ಕಾಯಿಲೆಯಲ್ಲಿ ಕಣ್ಣಿನೊಳಗೆ ಉರಿಯೂತ ಬರಬಹುದು, ಸಾಮಾನ್ಯವಾಗಿ ಕೆಂಪಾಗುವುದಿಲ್ಲ, ನೋಯುವುದಿಲ್ಲ, ಸದ್ದಿಲ್ಲದೆ ದೃಷ್ಟಿ ಹೋಗಬಹುದು. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್ ಅನ್ನುವ ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಹೇಳುತ್ತಾರೆ.

ಮೊದಲಿನ ತಾಯಿ: ಕೊನೇ ಪ್ರಶ್ನೆ ಮೇಡಂ. ಸ್ಕೂಲಿಗೆ ಏನಂತ ಬರೆದುಕೊಡಲಿ?

ಉತ್ತರ: "ಕಾಳಜಿ ವಹಿಸಿ" ಅಂತ ಬರೆದರೆ ಕಿಟಕಿ ಪಕ್ಕ ಕೂರಿಸಿ ಸುಮ್ಮನಾಗುತ್ತಾರೆ. ಬೇಕಾದ್ದನ್ನೇ ಬರೆಯಿರಿ. ಪುಸ್ತಕಗಳ ಇನ್ನೊಂದು ಸೆಟ್ ಕ್ಲಾಸಿನಲ್ಲೇ ಇರಲಿ, ಹೊರುವುದು ತಪ್ಪುತ್ತದೆ. ದಪ್ಪ ಹಿಡಿಯ ಪೆನ್ನು, ಪರೀಕ್ಷೆಯಲ್ಲಿ ಹೆಚ್ಚು ಸಮಯ. ಪಾಠದ ಮಧ್ಯೆ ಎದ್ದು ನಿಲ್ಲಲು ಕೇಳುವ ಅಗತ್ಯ ಇರಬಾರದು. ಆಟದ ಪೀರಿಯಡ್‌ನಲ್ಲಿ ಆಡುವುದಾ, ಕೂರುವುದಾ ಅಂತ ಅವಳೇ ತೀರ್ಮಾನಿಸಲಿ. ಕೋಲನ್ನು ಅವಳ ಕೈಗೆಟುಕುವ ಕಡೆಯೇ ಇಡಬೇಕು, ಕ್ಲಾಸಿನ ಹಿಂದೆ ಒರಗಿಸಬಾರದು ಅಂತಲೂ ಸೇರಿಸಿ. ಪತ್ರ ಕೊಡುವ ಮುಂಚೆ ಅವಳಿಗೆ ಓದಿಸಿ, ಬೇಡ ಅಂದ ಸಾಲನ್ನು ತೆಗೆದುಬಿಡಿ.