ಅಜ್ಜಿ ಮನೆಯ ಪನ್ನೀರು ಗುಲಾಬಿ ಕಡ್ಡಿ ಬೇರು ಬಿಡುತ್ತಿಲ್ಲ, ಅನುಭವವಿದ್ದವರು ತಿಳಿಸಿ

ಕೇಳಿದವರು, ಹಾಸನ

ಆಲೂರು ಕಡೆಯ ನಮ್ಮ ಅಜ್ಜಿಯ ಮನೆ ದೀಪಾವಳಿಯ ಹೊತ್ತಿಗೆ ಬೇರೆಯವರ ಕೈ ಸೇರುತ್ತದೆ. ಬಾವಿಕಟ್ಟೆಯ ಪಕ್ಕ ಅಜ್ಜಿ ನೆಟ್ಟ ಪನ್ನೀರು ಗುಲಾಬಿ ಇದೆ, ಅದರಾಚೆ ಕೆಂಪು ದಾಸವಾಳ. ಎರಡರ ಒಂದೊಂದು ಗಿಡವಾದರೂ ನನ್ನ ಬಳಿ ಉಳಿಯಬೇಕು. ಏಪ್ರಿಲ್‌ನಲ್ಲಿ ಹನ್ನೊಂದು ಕಡ್ಡಿ ತಂದು ಬಾಡಿಗೆ ಮನೆಯ ತಾರಸಿಯ ಕುಂಡಗಳಲ್ಲಿ ನೆಟ್ಟೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರಡು ಹೊತ್ತು ನೀರು. ಹತ್ತು ದಿನದಲ್ಲಿ ಎಲ್ಲವೂ ಚಿಗುರಿದವು. ಮೂರನೇ ವಾರ ಚಿಗುರು ಬಾಡಿತು. ಕಿತ್ತು ನೋಡಿದರೆ ಬುಡ ಕಪ್ಪಗೆ ಕೊಳೆತಿತ್ತು, ಒಂದು ಎಳೆ ಬೇರೂ ಇರಲಿಲ್ಲ. ಈಗ ಮಳೆ ಹಿಡಿದಿದೆ, ಭಾನುವಾರ ಮತ್ತೆ ಊರಿಗೆ ಹೋಗುತ್ತೇನೆ. ಈ ಸಲ ಏನು ಮಾಡಲಿ?

ಸಕಲೇಶಪುರದಿಂದ

ತಂಗಿ, ಚಿಗುರನ್ನು ನಂಬಬೇಡಿ. ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಆಹಾರವಿರುತ್ತದೆ, ಆ ಬಲದಿಂದಲೇ ಅದು ಚಿಗುರುತ್ತದೆ. ಕೆಳಗೆ ಬೇರಿಲ್ಲ, ಮೇಲೆ ಎಲೆಗಳು ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತವೆ. ಕೂಡಿಟ್ಟದ್ದು ಮುಗಿದ ದಿನ ಬಾಡುತ್ತವೆ. ಬಾಡಿತೆಂದು ನಾವು ಇನ್ನಷ್ಟು ನೀರು ಸುರಿಯುತ್ತೇವೆ, ಬುಡಕ್ಕೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ನಿಮ್ಮ ಹನ್ನೊಂದು ಕಡ್ಡಿಗಳಿಗೂ ಆದದ್ದು ಇದೇ. ನೀರು ಕಡಿಮೆಯಾಗಿ ಅವು ಸತ್ತಿಲ್ಲ.

ನಾನು ಆರಿದ್ರಾ ಮಳೆಯಲ್ಲಿ ಕಡ್ಡಿ ನೆಡುತ್ತೇನೆ. ಗಾಳಿಯಲ್ಲೇ ತೇವವಿರುವುದರಿಂದ ಎಲೆ ಬೇಗ ಒಣಗುವುದಿಲ್ಲ. ಗುಲಾಬಿಗೆ ಪೆನ್ಸಿಲ್ ದಪ್ಪದ, ಒಮ್ಮೆ ಹೂ ಬಿಟ್ಟು ಬಲಿತ ಕೊಂಬೆಯನ್ನು ಆರಿಸಿ. ಗೇಣುದ್ದ, ನಾಲ್ಕು ಗಿಣ್ಣು ಇರಲಿ. ಕೆಳತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಹೀಗೆ ಮಾಡಿದರೆ ಬುಡ ಯಾವುದು, ತಲೆ ಯಾವುದು ಎಂಬ ಗೊಂದಲವಿರುವುದಿಲ್ಲ. ಬೇರು ಬರಿಸುವ ಆಕ್ಸಿನ್ ಎಂಬ ಚೋದಕ ಎಳೆ ಎಲೆ, ಮೊಗ್ಗುಗಳಲ್ಲಿ ಹುಟ್ಟಿ ಕೆಳಗಿಳಿಯುತ್ತದೆ, ಕತ್ತರಿಸಿದ ಬುಡದಲ್ಲಿ ಬಂದು ನಿಲ್ಲುತ್ತದೆ. ತಲೆಕೆಳಗಾಗಿ ನೆಟ್ಟರೆ ಎಲ್ಲ ಕೆಟ್ಟಿತು. ಮೊಗ್ಗು, ಹೂ ಇದ್ದರೆ ಮುಲಾಜಿಲ್ಲದೆ ಚಿವುಟಿ. ತುದಿಯ ಎರಡು ಎಲೆಗಳನ್ನು ಮಾತ್ರ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ. ಮೇಲಿನ ಗಾಯಕ್ಕೆ ನಮ್ಮ ಅತ್ತೆ ಒಂದು ಚಿಟಿಕೆ ಸಗಣಿ ಮೆತ್ತುತ್ತಿದ್ದರು, ತುದಿ ಒಣಗುತ್ತಾ ಇಳಿಯದಿರಲೆಂದು. ನಾನೂ ಹಾಗೆಯೇ ಮಾಡುತ್ತೇನೆ.

ಗೊಬ್ಬರ ಬೇಡವೇ ಬೇಡ. ಬೇರೇ ಇಲ್ಲದ ಕಡ್ಡಿ ಅದನ್ನು ಉಣ್ಣಲಾರದು, ಕೊಳೆಸುವ ಶಿಲೀಂಧ್ರಕ್ಕೆ ಮಾತ್ರ ಅದು ಹಬ್ಬ. ಅರ್ಧ ಮರಳು, ಅರ್ಧ ಮಣ್ಣು ಸಾಕು. ಮೊದಲು ಕೋಲಿನಿಂದ ತೂತು ಮಾಡಿ, ಎರಡು ಗಿಣ್ಣು ಒಳಗೆ ಹೋಗುವಂತೆ ಕಡ್ಡಿ ಇಳಿಸಿ. ಆಮೇಲೆ ಎರಡು ಹೆಬ್ಬೆರಳಿನಿಂದ ಬುಡದ ಸುತ್ತ ಮಣ್ಣನ್ನು ಅದುಮಿ, ಕಡ್ಡಿ ಅಲುಗಾಡಬಾರದು. ಮೇಲೊಂದು ತೆಳು ಪ್ಲಾಸ್ಟಿಕ್ ಕವರ್ ಕವುಚಿ, ಬಿಸಿಲು ತಾಗದ ಬೆಳಕಿನಲ್ಲಿಡಿ. ಬೆಳಗ್ಗೆ ಕವರಿನ ಒಳಮೈಯಲ್ಲಿ ಸಣ್ಣ ಹನಿಗಳು ಸಾಲುಗಟ್ಟಿದ್ದರೆ ಅಂದು ನೀರು ಹಾಕಬೇಡಿ. ಕಿತ್ತು ನೋಡುವ ಆಸೆಯನ್ನು ಆರು ವಾರ ತಡೆದುಕೊಳ್ಳಿ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ಎಳೆಯಿರಿ. ಕಡ್ಡಿ ಮಣ್ಣನ್ನು ಹಿಡಿದು ಜಗ್ಗಿದರೆ ಬೇರು ಬಂದಿದೆ.

ಮೂಡಿಗೆರೆಯಿಂದ

ಕಾಳುಮೆಣಸಿನ ಬಳ್ಳಿ ಬೆಳೆಸಿ ಮಾರುವುದು ನನ್ನ ಕೆಲಸ. ಗಿಡದ ಯಾವ ಭಾಗ ತೆಗೆದಿರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಮೆಣಸಿನಲ್ಲಿ ಬುಡದಿಂದ ಹರಿಯುವ ಹಬ್ಬು ಬಳ್ಳಿ ತೆಗೆದು ಎರಡು ಮೂರು ಗಿಣ್ಣಿನ ತುಂಡು ನೆಟ್ಟರೆ ಮರಕ್ಕೆ ಹಬ್ಬುವ ಬಳ್ಳಿಯಾಗುತ್ತದೆ. ಅದೇ ಬಳ್ಳಿಯ ಕಾಯಿ ಬಿಡುವ ಪಕ್ಕದ ರೆಂಬೆ ನೆಟ್ಟರೆ ಕುಂಡದಲ್ಲಿ ಕೂರುವ ಪೊದೆ ಮೆಣಸಾಗುತ್ತದೆ, ಹಬ್ಬುವುದಿಲ್ಲ. ದಾಸವಾಳದಲ್ಲಿ ತೀರ ಎಳೆಯ ಹಸಿರು ತುದಿ ಬೇಡ, ತೊಗಟೆ ಬೂದಿಯಾಗಿ ಗಟ್ಟಿಯಾದದ್ದೂ ಬೇಡ. ನಡುವಿನದನ್ನು, ಬಗ್ಗಿಸಿದರೆ ಬಳುಕುವುದನ್ನು ತೆಗೆದುಕೊಳ್ಳಿ.

ಐಬಿಎ ಎಂಬ ಬೇರಿನ ಚೋದಕ ಪುಡಿಯಾಗಿಯೂ ಸಿಗುತ್ತದೆ. ಮೆಣಸಿಗೆ ಲೀಟರಿಗೆ ಒಂದು ಗ್ರಾಂ ಪ್ರಮಾಣದ ದ್ರಾವಣದಲ್ಲಿ ಬುಡವನ್ನು 45 ಸೆಕೆಂಡ್ ಅದ್ದುತ್ತೇವೆ. ಹೆಚ್ಚು ಹಾಕಿದರೆ ಹೆಚ್ಚು ಬೇರು ಎಂಬ ಲೆಕ್ಕ ಇಲ್ಲಿಲ್ಲ, ಅತಿಯಾದರೆ ಬುಡವೇ ಸುಡುತ್ತದೆ. ದಾಸವಾಳಕ್ಕೆ ಇದು ಬೇಕಿಲ್ಲ, ಗುಲಾಬಿಗೆ ಸಹಾಯವಾಗುತ್ತದೆ. ಮೊಂಡು ಕತ್ತರಿ ಮಾತ್ರ ಬಳಸಬೇಡಿ. ಜಜ್ಜಿದ ಬುಡದಿಂದಲೇ ಕೊಳೆ ಶುರುವಾಗುತ್ತದೆ. ಒಂದು ವರ್ಷ ನಮ್ಮ ಚಪ್ಪರದ ಒಂದು ಮೂಲೆ ಸೋರಿ, ಆ ಸಾಲಿನ ಚೀಲಗಳಷ್ಟೇ ಪೂರ್ತಿ ಹೋದವು. ಪಕ್ಕದ ಸಾಲಿಗೆ ಏನೂ ಆಗಲಿಲ್ಲ. ಹಾಗಾಗಿ ಮಳೆ ನೇರ ಬೀಳುವ ಕಡೆ ಕುಂಡ ಇಡಬೇಡಿ.

ಅರಸೀಕೆರೆಯಿಂದ

ಮೇಲಿನವರಿಬ್ಬರದೂ ಮಲೆನಾಡು. ಹಾಸನ ಪಟ್ಟಣಕ್ಕೆ ಅಷ್ಟು ಮಳೆಯಿಲ್ಲ, ಆಷಾಢದ ಗಾಳಿ ಮಾತ್ರ ಬೇಕಾದಷ್ಟಿದೆ. ತಾರಸಿಯ ಮೇಲೆ ಆ ಗಾಳಿಯೇ ಕಡ್ಡಿಯ ನೀರನ್ನೆಲ್ಲ ಹೀರುತ್ತದೆ. ಕುಂಡಗಳನ್ನು ಮೆಟ್ಟಿಲ ಕೆಳಗೋ ಬಚ್ಚಲ ಕಿಟಕಿಯ ಬಳಿಯೋ ಇಡಿ. ಮರಳು ಸಿಗದಿದ್ದರೆ ತೆಂಗಿನ ನಾರಿನ ಪುಡಿ ಆಗುತ್ತದೆ. ಹಸಿ ಪುಡಿಯಲ್ಲಿ ಉಪ್ಪು, ಒಗರು ಇರುವುದರಿಂದ ಕಂದು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು ಬಳಸಿ.

ಚಿಕ್ಕಮಗಳೂರಿನಿಂದ

ದೀಪಾವಳಿಯವರೆಗೆ ಮನೆ ನಿಮ್ಮದೇ ಎಂದಿದ್ದೀರಿ. ಹಾಗಾದರೆ ಕತ್ತರಿಸುವ ಅವಸರವೇಕೆ? ಕಡ್ಡಿಗಳನ್ನು ತನ್ನಿ, ಜೊತೆಗೆ ತಾಯಿಗಿಡದಲ್ಲೇ ಒಂದು ಕೊಂಬೆಗೆ ಬೇರು ಬರಿಸಿ. ಗುಲಾಬಿಯ ಉದ್ದನೆಯ ಕೊಂಬೆಯೊಂದನ್ನು ನೆಲಕ್ಕೆ ಬಾಗಿಸಿ, ಮಣ್ಣು ತಾಗುವಲ್ಲಿ ಅಡಿಭಾಗದ ತೊಗಟೆಯನ್ನು ಸ್ವಲ್ಪ ಸೀಳಿ, ನಾಲ್ಕು ಬೆರಳು ಆಳ ಹೂತು ಮೇಲೊಂದು ಕಲ್ಲು ಹೇರಿ. ತುದಿ ಹೊರಗಿರಲಿ. ತಾಯಿ ನೀರುಣಿಸುತ್ತಲೇ ಇರುವುದರಿಂದ ಬಾಡುವ ಭಯವಿಲ್ಲ. ದಾಸವಾಳಕ್ಕೆ ಗೂಟಿ ಕಟ್ಟಿ: ಒಂದು ಅಂಗುಲ ಅಗಲ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್‌ನಿಂದ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ನಮ್ಮ ಮರಗಳ ಮೈಮೇಲೆಲ್ಲ ಪಾಚಿಯೇ. ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಂಡಾಗ ಅದರ ಕೆಳಗೆ ಕತ್ತರಿಸಿ ತನ್ನಿ. ನಮ್ಮ ತಾಯಿಯ ತವರಿನ ದಾಸವಾಳ ಹೀಗೆಯೇ ನಮ್ಮ ಅಂಗಳಕ್ಕೆ ಬಂದದ್ದು.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ಕೊಂಬೆ ಬಾಗಿಸುವುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ಪಕ್ಕದ ಮನೆಯವರು ಕಡ್ಡಿಯನ್ನು ನೀರಿನ ಬಾಟಲಿಯಲ್ಲಿ ಇಟ್ಟರೆ ಸುಲಭ ಎನ್ನುತ್ತಾರೆ. ಇಡಬಹುದೇ?

ಸಕಲೇಶಪುರದಿಂದ

ದೊಡ್ಡಪತ್ರೆ, ಮನಿ ಪ್ಲಾಂಟ್‌ಗೆ ಧಾರಾಳವಾಗಿ ಇಡಿ. ದಾಸವಾಳವೂ ನೀರಿನಲ್ಲಿ ಬೇರು ಬಿಡುತ್ತದೆ, ಆದರೆ ಆ ಬೇರು ಪೆಡಸು, ಮಣ್ಣಿಗೆ ಬದಲಿಸುವಾಗ ಪಟ್ಟನೆ ಮುರಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬೇರು ಅಂಗುಲ ಉದ್ದವಾದೊಡನೆ ಮಣ್ಣಿಗೆ ಸೇರಿಸಿ. ಗುಲಾಬಿಯನ್ನು ಮಾತ್ರ ನೀರಿಗಿಡಬೇಡಿ.

ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲೇ ಕತ್ತರಿಸಿ. ಹಿತ್ತಲಲ್ಲಿ ಬಾಳೆ ಇದ್ದರೆ ಒಂದು ಹಸಿ ಬಾಳೆಪಟ್ಟೆ ಸುಲಿದು ಕಡ್ಡಿಗಳನ್ನು ಅದರೊಳಗೆ ಸುತ್ತಿ, ಬುಡಗಳೆಲ್ಲ ಒಂದೇ ಕಡೆಗಿರಲಿ. ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಒಡ್ಡಬೇಡಿ. ಮನೆ ಸೇರಿದ ಮೇಲೆ ನಾಳೆ ನೆಟ್ಟರಾಯಿತು ಎನ್ನದೆ ಅಂದೇ ನೆಡಿ, ಕುಂಡಗಳನ್ನು ಶನಿವಾರವೇ ತುಂಬಿಸಿಟ್ಟುಕೊಳ್ಳಿ.