ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿಲ್ಲ, ನಿಮಗೆ ಹೀಗಾದಾಗ ಏನು ಮಾಡಿದಿರಿ?

ಕೇಳಿದವರು, ಕೋಲಾರ

ಎಲ್ಲರಿಗೂ ವಂದನೆಗಳು. ನನಗೆ ನಲವತ್ತಾರು ವರ್ಷ. ಹದಿನೆಂಟು ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದೀನಿ. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಎತ್ತಿ ಕೂರಿಸೋದು, ಮೈ ಒರೆಸೋದು, ಗಂಜಿ ಕುಡಿಸೋದು ಎಲ್ಲಾ ನಾನೇ. ಯಜಮಾನರು ಬೆಳಿಗ್ಗೆ ನರಸಾಪುರಕ್ಕೆ ಕೆಲಸಕ್ಕೆ ಹೋದರೆ ಬರೋದು ರಾತ್ರಿ.

ನಂಬಿಕೆ ಬಿಟ್ಟಿಲ್ಲ. ಆದರೆ ಬೈಬಲ್ ತೆಗೆದರೆ ಅಕ್ಷರ ಕಾಣುತ್ತೆ, ಒಳಗೆ ಇಳಿಯಲ್ಲ. ಆರಾಧನೆಯಲ್ಲಿ ಬಾಯಿ ಆಡಿಸ್ತೀನಿ ಅಷ್ಟೆ. ಸಭೆಯಲ್ಲಿ ಒಬ್ಬರ ಹತ್ತಿರ ಹೇಳಿಕೊಂಡೆ, "ಒಂದು ಉಪವಾಸ ಇಡಮ್ಮ, ಸರಿಹೋಗುತ್ತೆ" ಅಂದರು. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ ಮಾಡುವವಳಿಗೆ ಬೇರೆ ಉಪವಾಸ ಯಾಕೆ ಹೇಳಿ.

ದಯವಿಟ್ಟು ವಚನ ಕಳಿಸಬೇಡಿ. ಎಲೀಯನ ಕಥೆ, ಹದ್ದಿನ ರೆಕ್ಕೆಯ ವಚನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೇ ನಾನು. ನಿಮಗೆ ಹೀಗೆ ಆಗಿದ್ದರೆ ಏನು ಮಾಡಿದಿರಿ ಅನ್ನೋದಷ್ಟೇ ಬೇಕು.

ಚಿಂತಾಮಣಿ

ಸಹೋದರಿ, ಇದು ಸೈತಾನನ ಹೋರಾಟ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ಮೊಣಕಾಲೂರಿ ಪ್ರಾರ್ಥಿಸಿ. ಬಿಡುಗಡೆ ಖಂಡಿತ. ನಿಮಗಾಗಿ ಪ್ರಾರ್ಥಿಸುತ್ತೇವೆ.

ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ

ಮೇಲಿನ ಅಣ್ಣನವರೇ, ಅವರು ನಾಲ್ಕಕ್ಕೆ ಎದ್ದೇ ಇರ್ತಾರೆ, ಅತ್ತೆಯ ಬಟ್ಟೆ ಬದಲಾಯಿಸೋಕೆ. ಬೇಜಾರು ಮಾಡ್ಕೋಬೇಡಿ.

ಅಕ್ಕ, ನಾನು ರೇಷ್ಮೆ ಬೆಳೆಯೋನು. ಮೂರು ವರ್ಷದ ಹಿಂದೆ ನನ್ನ ತಮ್ಮ ಬೈಕ್ ಅಪಘಾತದಲ್ಲಿ ಹೋದ. ಅವನಿಗೆ ಇಪ್ಪತ್ತೊಂಬತ್ತು. ಐಸಿಯುನಲ್ಲಿದ್ದ ಆರು ದಿನವೂ ಊರಿಗೆ ಊರೇ ಪ್ರಾರ್ಥನೆ ಮಾಡಿತ್ತು. ಮಣ್ಣು ಮಾಡಿ ಬಂದ ಮೇಲೆ ನನಗೆ ಕೋಪಾನೂ ಬರಲಿಲ್ಲ, ಅಳೂನೂ ಬರಲಿಲ್ಲ. ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ ಒಳಗೆ ಏನೂ ಇಲ್ಲ. ಹೆಂಚು ಹಾರಿಹೋದ ಮನೆ ಥರ. ಹಿಂಗೆ ಎಂಟು ತಿಂಗಳು.

ಹುಳು ಸಾಕದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಗೂಡು ಕಟ್ಟೋದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡೋ ಹೊತ್ತು. ತಲೆ ಮೇಲಕ್ಕೆತ್ತಿಕೊಂಡು ಕಲ್ಲಿನ ಹಾಗೆ ನಿಂತುಬಿಡುತ್ತೆ, ಸೊಪ್ಪು ಮೂಸಿಯೂ ನೋಡಲ್ಲ. ನಾನು ಹೊಸದಾಗಿ ಹುಳುಮನೆಗೆ ಇಳಿದಾಗ ಹೆದರಿಕೊಂಡು ಮೇಲೆ ಮೇಲೆ ಸೊಪ್ಪು ಸುರಿದಿದ್ದೆ. ಅಪ್ಪ ಬಂದು ಬೈದರು. "ಈಗ ಸೊಪ್ಪು ಹಾಕಿದರೆ ಹಾಸಿಗೆ ತೇವ ಆಗಿ ಹುಳ ಕೆಡುತ್ತೆ ಕಣೋ. ಸುಣ್ಣ ಉದುರಿಸಿ ಸುಮ್ಮನಿರು. ಎಲ್ಲಾ ಎದ್ದ ಮೇಲೆ ಒಟ್ಟಿಗೆ ಹಾಕು" ಅಂದರು. ಅದೇ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನೋದು ನೋಡಬೇಕು, ರಾತ್ರಿ ಹುಳುಮನೆಯೊಳಗೆ ಮಳೆ ಬಂದ ಹಾಗೆ ಸದ್ದು.

ತಮ್ಮ ಹೋದ ವರ್ಷ ಒಂದು ರಾತ್ರಿ ಹುಳು ಸಾಕೋ ತಟ್ಟೆಗಳ ಮುಂದೆ ನಿಂತಾಗ ಇದು ಹೊಳೀತು. ನನಗೆ ಎಲ್ಲರೂ ಸೊಪ್ಪು ಸುರೀತಿದ್ದರು. ಕೂಟಕ್ಕೆ ಬಾ, ವಚನ ಓದು, ಸಾಕ್ಷಿ ಹೇಳು. ಮಾರನೇ ದಿನ ನಮ್ಮ ದೊಡ್ಡಮ್ಮನ ಹತ್ತಿರ ಹೋಗಿ, "ಸ್ವಲ್ಪ ದಿನ ನನ್ನ ಪಾಲಿಂದೂ ನೀನೇ ಪ್ರಾರ್ಥನೆ ಮಾಡು, ನನ್ನ ಕೈಲಿ ಆಗಲ್ಲ" ಅಂದೆ. ಅವರು ಕಾರಣ ಕೇಳಲಿಲ್ಲ. "ಆಗಲಿ, ರೊಟ್ಟಿ ತಿಂದು ಹೋಗು" ಅಂದರು. ಭಾನುವಾರ ದೇವಾಲಯಕ್ಕೆ ಹೋಗೋದು ಮಾತ್ರ ಬಿಡಲಿಲ್ಲ. ಕೊನೇ ಬೆಂಚು, ಬಾಗಿಲ ಪಕ್ಕ. ಹಾಡಲಿಲ್ಲ, ಬೇರೆಯವರು ಹಾಡೋದು ಕೇಳಿಸಿಕೊಂಡೆ.

ಯಾವಾಗ ಸರಿಹೋಯಿತು ಅಂತ ತಾರೀಖು ಹೇಳೋಕಾಗಲ್ಲ. ಒಂದು ಕ್ರಿಸ್ಮಸ್‌ಗೆ ಹುಡುಗರ ಜೊತೆ ಕ್ಯಾರಲ್ ಹೋದಾಗ ನಾನೂ ಹಾಡ್ತಿದ್ದೀನಿ ಅಂತ ಅರ್ಧ ದಾರಿಯಲ್ಲಿ ಗೊತ್ತಾಯಿತು. ಹೋಲಿಕೆ ಪೂರ್ತಿ ಕೂಡಿಬರಲ್ಲ ಅಕ್ಕ, ಹುಳಕ್ಕೆ ಅತ್ತೆ ಇರಲ್ಲ. ನೀವು ಅಲ್ಲಾಡದೆ ಕೂರೋ ಹಾಗಿಲ್ಲ. ಆದರೆ ಸಂಡೇ ಸ್ಕೂಲ್ ಒಂದು ವರ್ಷ ಬಿಟ್ಟರೆ ಆಕಾಶ ಬೀಳಲ್ಲ.

ತುಮಕೂರು

ನಾನು ನರ್ಸ್. ಮೊದಲು ನೇರವಾಗಿ ಕೇಳ್ತೀನಿ, ತಪ್ಪು ತಿಳಿಯಬೇಡಿ. ನಿದ್ದೆ ಹೇಗಿದೆ? ಮೊದಲು ಇಷ್ಟವಾಗುತ್ತಿದ್ದ ಅಡುಗೆ, ಮಕ್ಕಳು, ಸೀರೆ ಯಾವುದೂ ಬೇಡ ಅನ್ನಿಸುತ್ತಿದೆಯಾ? ಎರಡು ವಾರಕ್ಕಿಂತ ಜಾಸ್ತಿ ಹೀಗೆ ಇದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಖಿನ್ನತೆ ಇರಬಹುದು, ರಕ್ತಹೀನತೆ, ಥೈರಾಯ್ಡ್ ಕೂಡ ಇರಬಹುದು. ನಿಮ್ಮ ವಯಸ್ಸಲ್ಲಿ ಮುಟ್ಟು ನಿಲ್ಲೋ ಹೊತ್ತಿನ ಏರುಪೇರು ಬೇರೆ. ಇದು ಅಪನಂಬಿಕೆ ಅಲ್ಲ. ಮನೆ ಬಿಟ್ಟು ಹೋಗೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ವಿಷಯ. ವಾರ್ಡಿನಲ್ಲಿ ಲಕ್ವದ ರೋಗಿಯನ್ನು ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವಾಗ ಕೆಳಗೆ ಮಡಿಸಿದ ಬೆಡ್‌ಶೀಟ್ ಹಾಕಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದು ಎಳೀತೀವಿ. ಒಬ್ಬಳೇ ಮಾಡಿದರೆ ಸೊಂಟ ಹೋಯಿತು ಅಂತಲೇ ಲೆಕ್ಕ. ವಚನ ಬೇಡ ಅಂದಿದ್ದೀರಿ, ಆದರೂ ಮಾರ್ಕನ ಎರಡನೇ ಅಧ್ಯಾಯ ನೆನಪಾಗುತ್ತೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರಲ್ಲ, ಮಾಳಿಗೆ ಕಿತ್ತು ಇಳಿಸಿದರಲ್ಲ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು, ಮಲಗಿದ್ದವನು ಒಂದು ಮಾತೂ ಆಡಿಲ್ಲ. ನೀವು ಆ ಹಾಸಿಗೆಯ ನಾಲ್ಕು ಮೂಲೆಯನ್ನೂ ಒಬ್ಬರೇ ಹಿಡಿದಿದ್ದೀರಿ. ಪ್ರಾರ್ಥಿಸುತ್ತೇವೆ ಅನ್ನುವವರಿಗೆ "ಮಂಗಳವಾರ ಎರಡು ಗಂಟೆ ಬಂದು ಅತ್ತೆಯ ಹತ್ತಿರ ಕೂತ್ಕೊಳ್ಳಿ" ಅಂತ ದಿನ, ಟೈಮ್ ಹೇಳಿ ಕೇಳಿ. "ಏನಾದರೂ ಸಹಾಯ ಮಾಡಿ" ಅಂದರೆ ಯಾರೂ ಬರಲ್ಲ.

ಗುಬ್ಬಿ, ನಿವೃತ್ತ ಮೇಷ್ಟ್ರು

ತಂಗೀ, ನಮ್ಮ ಊರಿನದೊಂದು ಹಳೇ ಸಂಗತಿ. 1839ರಲ್ಲಿ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ (ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡ) ಮಿಷನರಿ ಬಂದು ಗುಬ್ಬಿಯಲ್ಲಿ ಕೆಲಸ ಮಾಡಿದರು. ಆಗಿನ್ನೂ ಚಿಕ್ಕ ವಯಸ್ಸು. ಆರೋಗ್ಯ ಪೂರ್ತಿ ಕೆಟ್ಟು 1841ಕ್ಕೇ ಇಂಗ್ಲೆಂಡಿಗೆ ವಾಪಸ್ಸು ಹೋಗಬೇಕಾಯಿತು. ಲೆಕ್ಕ ಹಾಕಿದರೆ ಸೋತುಹೋದ ಕಥೆ. 1866ರಲ್ಲಿ ಅದೇ ಮನುಷ್ಯ ಇಂಗ್ಲೆಂಡಿನ ವೆಸ್ಲಿಯನ್ ಸಭೆಗಳ ಅಧ್ಯಕ್ಷರಾದರು. ನೀವು ಅಧ್ಯಕ್ಷರಾಗ್ತೀರಿ ಅಂತ ಹೇಳ್ತಿಲ್ಲ! ಕೈಲಾಗದಾಗ ಕೆಲಸ ಕೆಳಗಿಡುವುದು ಓಡಿಹೋಗುವುದಲ್ಲ, ಅಷ್ಟೆ.

ತುಮಕೂರು (ಬೇರೆಯವರು)

ನಾವು ಕಥೋಲಿಕರು. ಸ್ವಂತ ಮಾತು ಬಾರದಾಗ ನನಗೆ ಜಪಸರ ಕೈಯಲ್ಲಿದ್ದರೆ ಸಾಕು, ಮಣಿ ತಾನೇ ಮುಂದೆ ಹೋಗುತ್ತೆ. ನಿಮ್ಮಲ್ಲಿ ಆ ಪದ್ಧತಿ ಇಲ್ಲ, ಕರ್ತನ ಪ್ರಾರ್ಥನೆ ಇದೆಯಲ್ಲ. ಮದರ್ ತೆರೇಸಾ ಹತ್ತಿರ ಹತ್ತಿರ ಐವತ್ತು ವರ್ಷ ಒಳಗೆ ಕತ್ತಲೆಯನ್ನೇ ಅನುಭವಿಸಿದ್ದರು ಅಂತ 2007ರಲ್ಲಿ ಅವರ ಪತ್ರಗಳು ಅಚ್ಚಾದ ಮೇಲೆ ಎಲ್ಲರಿಗೂ ಗೊತ್ತಾಯಿತು. ಅದನ್ನು ಓದಿ ನನಗೆ ಸಮಾಧಾನ ಆಯಿತು ಅಂದರೆ ನಮ್ಮಮ್ಮ ವಿಚಿತ್ರವಾಗಿ ನೋಡಿದರು.

ಕೆಜಿಎಫ್

ನಮ್ಮ ಮನೆ ಮಾತು ತಮಿಳು, ಕನ್ನಡ ತಪ್ಪಿದ್ದರೆ ಅಡ್ಜಸ್ಟ್ ಮಾಡ್ಕೊಳ್ಳಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದವರು. ಆಮೇಲೆ ಒಂದು ವರ್ಷ ಮನೆಯಲ್ಲಿ ಜೋರಾಗಿ ಪ್ರಾರ್ಥನೆ ಮಾಡಿದ್ದೇ ಇಲ್ಲ. ಆದರೂ ರಾತ್ರಿ ಎಂಟಕ್ಕೆ ಬೈಬಲ್ ತೆಗೆದು ಮೇಜಿನ ಮೇಲೆ ಇಡೋರು. ಓದ್ತಿರಲಿಲ್ಲ, ಸುಮ್ಮನೆ ಇಡೋರು. ಮಲಗೋವಾಗ ಮುಚ್ಚೋರು. ನಾನು ಈಗ ಮಾರಿಕುಪ್ಪಂನಿಂದ ರೈಲಿನಲ್ಲಿ ಬೆಂಗಳೂರಿಗೆ ದಿನಾ ಹೋಗಿಬರ್ತೀನಿ. ಸುಸ್ತಾದ ದಿನ ನನ್ನ ಪ್ರಾರ್ಥನೆ ಬಂಗಾರಪೇಟೆ ಬರೋದರೊಳಗೆ ಒಂದೇ ವಾಕ್ಯ: "ನಾನು ಇಲ್ಲಿದ್ದೀನಿ ಕರ್ತನೇ." ಆಮೇಲೆ ನಿದ್ದೆ.

ಕೇಳಿದವರು, ಕೋಲಾರ (ಮೂರು ವಾರದ ಮೇಲೆ)

ಎಲ್ಲರಿಗೂ ಒಟ್ಟಿಗೆ ಉತ್ತರ ಬರೀತಿದ್ದೀನಿ. ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಸಂಡೇ ಸ್ಕೂಲ್ ಬಿಡ್ತೀನಿ ಅಂದೆ. ಒಂದು ನಿಮಿಷ ಸುಮ್ಮನಿದ್ದು "ಯಾರಿಗೆ ಕೊಡೋಣಮ್ಮ" ಅಂದರು. ನನ್ನ ಕೈಯಲ್ಲೇ ಕಲಿತ ಇಬ್ಬರು ಹುಡುಗಿಯರು ಈಗ ನಡೆಸುತ್ತಿದ್ದಾರೆ. ಮೊದಲ ಭಾನುವಾರ ಕ್ಲಾಸಿನ ಸದ್ದು ಕೇಳಿ ಕಾಲು ಆ ಕಡೆಗೇ ಎಳೀತಿತ್ತು, ಹೋಗಲಿಲ್ಲ.

ನರ್ಸ್ ಅಕ್ಕ ಹೇಳಿದ ಹಾಗೇ ದಿನ ಮತ್ತು ಟೈಮ್ ಹೇಳಿ ಕೇಳಿದೆ. ಸ್ತ್ರೀಯರ ಕೂಟದಿಂದ ಇಬ್ಬರು ಮಂಗಳವಾರ ಬರುತ್ತಿದ್ದಾರೆ. ಉಪವಾಸ ಇಡು ಅಂದವರೇ ಒಬ್ಬರು, ಬರುವಾಗ ಸಾರು ತರ್ತಾರೆ. ಮೊದಲ ಮಂಗಳವಾರ ಪ್ರಾರ್ಥನೆ ಮಾಡೋಣ ಅಂತ ಒಳಗೆ ಹೋಗಿ ಕೂತೆ, ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಬಂತು, ಮಾತ್ರೆ ತಗೊಳ್ತಿದ್ದೀನಿ. ಬೈಬಲ್ ಇನ್ನೂ ಒಳಗೆ ಇಳಿಯುತ್ತಿಲ್ಲ. ತೆಗೆದು ಮೇಜಿನ ಮೇಲೆ ಇಡ್ತೀನಿ.

ಶಿಡ್ಲಘಟ್ಟದ ತಮ್ಮಾ, ನೀವು ಬರೆದ "ಹುಳಕ್ಕೆ ಅತ್ತೆ ಇರಲ್ಲ" ಅನ್ನೋದನ್ನ ನಮ್ಮ ಅತ್ತೆಗೆ ಓದಿ ಹೇಳಿದೆ. ಅರ್ಧ ಬಾಯಲ್ಲೇ ನಕ್ಕರು.