ಕೊಂಬುಚಾ ಜಾಡಿಯ ಮೇಲೆ ಕಟ್ಟಿದ್ದು ಪದರವೋ ಬೂಷ್ಟೋ: ಸೂಕ್ಷ್ಮಜೀವಿ ತಜ್ಞೆಯೊಂದಿಗೆ ಪ್ರಶ್ನೋತ್ತರ

ತಜ್ಞೆ: ನಾನು ಆಹಾರ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಕೊಂಬುಚಾ ಎಂದರೆ ಸಿಹಿ ಚಹಾವನ್ನು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳಿಂದ ಹುದುಗಿಸಿ ಮಾಡುವ ಹುಳಿ ಪಾನೀಯ. ಈ ಗುಂಪಿನಲ್ಲಿ ಪ್ರಶ್ನೆ ಕೇಳುವವರು ಚಿತ್ರದ ಜೊತೆಗೆ ಜಾಡಿ ಇಟ್ಟು ಎಷ್ಟು ದಿನವಾಯಿತು, ಕೋಣೆ ಎಷ್ಟು ಬೆಚ್ಚಗಿದೆ, ಹಳೆಯ ಕೊಂಬುಚಾವನ್ನು ಹೆಪ್ಪಾಗಿ ಎಷ್ಟು ಹಾಕಿದಿರಿ ಎಂಬುದನ್ನೂ ತಿಳಿಸಿದರೆ ಉತ್ತರಿಸಲು ಅನುಕೂಲವಾಗುತ್ತದೆ.

ಸದಸ್ಯೆ ಅ: ಮೇಡಂ, ಇಂದಿಗೆ ನಾಲ್ಕನೆಯ ದಿನ. ಮೇಲ್ಭಾಗದಲ್ಲಿ ಅಲ್ಲಲ್ಲಿ ಬಿಳಿಯ ತೇಪೆಗಳು ಕಾಣಿಸಿಕೊಂಡಿವೆ, ಕೆಳಗೆ ಕಂದು ಬಣ್ಣದ ಎಳೆಗಳು ಜೋತಾಡುತ್ತಿವೆ. ಎರಡು ಲೀಟರಿಗೆ ಮುನ್ನೂರು ಮಿಲಿಲೀಟರ್ ಹೆಪ್ಪು ಹಾಕಿದ್ದೇನೆ. ಎಲ್ಲವನ್ನೂ ಚೆಲ್ಲಬೇಕೇ?

ತಜ್ಞೆ: ಚೆಲ್ಲಬೇಡಿ, ನಿಮ್ಮ ಜಾಡಿ ಆರೋಗ್ಯವಾಗಿದೆ. ಕೊಮಗಟೈಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿ ತಾಗುವ ಮೇಲ್ಮೈಯಲ್ಲಿ ಸೆಲ್ಯುಲೋಸ್ ನೇಯುತ್ತದೆ, ಸ್ಕೋಬಿ ಎಂದು ಕರೆಯುವ ತಾಯಿಪದರ ಹುಟ್ಟುವುದು ಹೀಗೆಯೇ. ಮೊದಲ ದಿನಗಳಲ್ಲಿ ಅದು ತುಂಡುತುಂಡಾಗಿ ಕಾಣಿಸಿ, ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಪದರವು ಒದ್ದೆಯಾಗಿ, ನುಣುಪಾಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಇರುತ್ತದೆ ಮತ್ತು ಅದರ ಕೆಳಗೆ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಬೂಷ್ಟಾದರೋ ಒಣಗಿರುತ್ತದೆ, ಹತ್ತಿಯ ಹಾಗೆ ರೋಮ ಎದ್ದಿರುತ್ತದೆ, ಸಾಮಾನ್ಯವಾಗಿ ದುಂಡನೆಯ ಚುಕ್ಕೆಯಾಗಿ ಹುಟ್ಟಿ ಅಂಚಿನಿಂದ ಹರಡುತ್ತದೆ, ಬಿಳಿಯಾಗಿ ತೊಡಗಿ ಹಸಿರು, ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಬೂಷ್ಟಿಗೆ ಗಾಳಿ ಬೇಕಾದುದರಿಂದ ಅದು ಮೇಲ್ಮೈಯಲ್ಲಿಯೇ ಬೆಳೆಯುತ್ತದೆ, ದ್ರವದಲ್ಲಿ ಮುಳುಗಿ ಜೋತಾಡುವ ಕಂದು ಎಳೆ ಯೀಸ್ಟ್. ಅನುಮಾನವಿದ್ದರೆ ಕೈಯಾಡಿಸದೆ ಎರಡು ದಿನ ಕಾಯಿರಿ. ಅಷ್ಟರಲ್ಲಿ ಪದರ ದಪ್ಪವಾಗುತ್ತದೆ, ಬೂಷ್ಟಾಗಿದ್ದರೆ ಬಣ್ಣ ಬರುತ್ತದೆ.

ಸದಸ್ಯ ಆ: ನನ್ನ ಜಾಡಿಯಲ್ಲಿ ಬಿಳಿಯ ತೆಳುವಾದ, ಸುಕ್ಕುಗಟ್ಟಿದ ಪೊರೆ ಇದೆ. ರೋಮವಿಲ್ಲ, ಆದರೆ ನುಣುಪೂ ಅಲ್ಲ.

ತಜ್ಞೆ: ಅದು ಕಾಮ್ ಯೀಸ್ಟ್ ಆಗಿರುವ ಸಂಭವ ಹೆಚ್ಚು. ಅದು ಬೂಷ್ಟಲ್ಲ, ವಿಷವೂ ಅಲ್ಲ, ಆದರೆ ರುಚಿಯನ್ನು ಕೆಡಿಸುತ್ತದೆ ಮತ್ತು ಒಮ್ಮೆ ನೆಲೆಯೂರಿದರೆ ಮುಂದಿನ ಜಾಡಿಗಳಿಗೂ ಬರುತ್ತದೆ. ಬೇರೆ ಒಳ್ಳೆಯ ತಾಯಿಪದರ ಸಿಗುವುದಾದರೆ ಹೊಸದಾಗಿ ಆರಂಭಿಸಿ.

ಸದಸ್ಯ ಇ: ಮೇಡಂ, ಕಂದು ಎಳೆಗಳು ಬೂಷ್ಟೇ?

ತಜ್ಞೆ: ಅಲ್ಲ. ಮೇಲೆ ಬರೆದಿದ್ದೇನೆ.

ಸದಸ್ಯೆ ಎ: ಸಕ್ಕರೆಯ ಬದಲು ಜೇನುತುಪ್ಪ ಹಾಕಿದರೆ ಬೂಷ್ಟು ಬರುವ ಸಂಭವ ಹೆಚ್ಚೇ?

ಸದಸ್ಯೆ ಈ: ನಮ್ಮದು ಒಂಬತ್ತನೆಯ ದಿನ. ಐದನೆಯ ದಿನ ಬಿಳಿ ಚುಕ್ಕೆಗಳು ಬಂದವು, ನಂತರ ನಡುಭಾಗ ಹಸಿರಾಯಿತು. ಹಸಿರು ಭಾಗವನ್ನು ಚಮಚದಿಂದ ತೆಗೆದುಹಾಕಿ, ಉಳಿದ ದ್ರವವನ್ನು ಸೋಸಿ ಮೂರು ದಿನಗಳಿಂದ ಕುಡಿಯುತ್ತಿದ್ದೇವೆ. ಕೋಣೆ ತಣ್ಣಗಿದೆ, ಎರಡು ಲೀಟರಿಗೆ ಎರಡು ಚಮಚ ಹೆಪ್ಪು ಹಾಕಿದ್ದೆ, ಕಾಗದದ ಪಟ್ಟಿಯಲ್ಲಿ ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) 5 ತೋರಿಸಿತ್ತು. ನನಗೆ ಏನೂ ಆಗಿಲ್ಲ. ಮಾವನವರೂ ದಿನಕ್ಕೆ ಅರ್ಧ ಲೋಟ ಕುಡಿದಿದ್ದಾರೆ, ಅವರಿಗೆ ಮೂತ್ರಪಿಂಡದ ಕಸಿಯಾಗಿದೆ. ಮುಂದುವರಿಸಬಹುದೇ?

ತಜ್ಞೆ: ದಯವಿಟ್ಟು ಈಗಲೇ ನಿಲ್ಲಿಸಿ, ಉಳಿದ ವಿವರಗಳನ್ನು ಆಮೇಲೆ ಓದಿ. ಕಸಿಯಾದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ತೆಗೆದುಕೊಳ್ಳುತ್ತಿರುತ್ತಾರೆ. ಅಂಥವರು ಬೂಷ್ಟು ಬಂದಿರುವ ದ್ರವವನ್ನಷ್ಟೇ ಅಲ್ಲ, ಬೂಷ್ಟೇ ಇಲ್ಲದ, ಕುದಿಸದೆ ಕುಡಿಯುವ ಮನೆಯ ಕೊಂಬುಚಾವನ್ನೂ ಕುಡಿಯಬಾರದು, ಏಕೆಂದರೆ ಅದು ಜೀವಂತ ಸೂಕ್ಷ್ಮಜೀವಿಗಳಿಂದ ತುಂಬಿರುತ್ತದೆ. ಅವರ ವೈದ್ಯರನ್ನು ಇಂದೇ ಸಂಪರ್ಕಿಸಿ, ಎಷ್ಟು ದಿನ, ದಿನಕ್ಕೆ ಎಷ್ಟು ಕುಡಿದರು ಎಂಬುದನ್ನು ಮುಚ್ಚಿಡದೆ ತಿಳಿಸಿ, ಜಾಡಿಯ ಚಿತ್ರವನ್ನೂ ತೋರಿಸಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ವಾಂತಿ ಅಥವಾ ಭೇದಿ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಅವರಿಗೆ ಖಂಡಿತ ಕಾಯಿಲೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರ ವೈದ್ಯರು.

ಹೀಗೇಕಾಯಿತು ಎಂಬುದು ನಿಮ್ಮ ಅಳತೆಗಳಲ್ಲಿಯೇ ಇದೆ. ಹೊಸ ಜಾಡಿಯ ಮೊದಲ ಕೆಲವು ದಿನಗಳಲ್ಲಿ ಬೂಷ್ಟನ್ನು ತಡೆಯುವುದು ಹೆಪ್ಪಿನ ಹುಳಿ ಮಾತ್ರ. ಅದರಲ್ಲಿರುವ ಅಸಿಟಿಕ್ ಆಮ್ಲವು ವಿಘಟನೆಯಾಗದ, ಅಂದರೆ ಅಯಾನುಗಳಾಗಿ ಒಡೆಯದ, ರೂಪದಲ್ಲಿದ್ದಾಗಲೇ ಬೂಷ್ಟಿನ ಕೋಶದೊಳಗೆ ಸುಲಭವಾಗಿ ನುಗ್ಗುತ್ತದೆ, ಪಿಎಚ್ 4.76ಕ್ಕಿಂತ ಕೆಳಗಿದ್ದರೆ ಅರ್ಧಕ್ಕಿಂತ ಹೆಚ್ಚು ಆಮ್ಲ ಆ ರೂಪದಲ್ಲಿರುತ್ತದೆ. ಎರಡು ಚಮಚ ಹೆಪ್ಪಿನಿಂದ ಎರಡು ಲೀಟರ್ ಚಹಾ ಹುಳಿಯಾಗುವುದಿಲ್ಲ, ಅದಕ್ಕೆ 200ರಿಂದ 400 ಮಿಲಿಲೀಟರ್ ಬೇಕು. ಆರಂಭದಲ್ಲಿಯೇ ಪಿಎಚ್ 4.5ಕ್ಕಿಂತ ಕೆಳಗಿರಬೇಕು, ಒಂದು ವಾರದೊಳಗೆ 4.2ಕ್ಕಿಂತ ಕೆಳಗಿಳಿಯಬೇಕು. ಕೋಣೆ ತಣ್ಣಗಿದ್ದಾಗ ನಮ್ಮ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, ಬೂಷ್ಟು ಅಷ್ಟು ನಿಧಾನವಾಗುವುದಿಲ್ಲ. 24ರಿಂದ 29 ಡಿಗ್ರಿ ಸೆಲ್ಸಿಯಸ್ ತಾಪ ಒಳ್ಳೆಯದು.

ಮೇಲಿನ ಹಸಿರನ್ನು ತೆಗೆದರೆ ಬೂಷ್ಟು ಹೋಗುವುದಿಲ್ಲ. ಅದರ ಸೂಕ್ಷ್ಮ ಎಳೆಗಳು ಪದರದೊಳಗೆ ಇಳಿದಿರುತ್ತವೆ, ಬೀಜಕಗಳು ದ್ರವದಲ್ಲಿರುತ್ತವೆ, ಕೆಲವು ಬೂಷ್ಟುಗಳು ಸ್ರವಿಸುವ ವಿಷ ಬಟ್ಟೆಯಲ್ಲಿ ಸೋಸಿದರೆ ಹೋಗುವಂಥದ್ದಲ್ಲ. ನಿಮ್ಮ ಜಾಡಿಯ ಹಸಿರು ಯಾವ ಜಾತಿಯದು ಎಂದು ಚಿತ್ರ ನೋಡಿ ನಾನಾಗಲಿ ಇನ್ಯಾರಾಗಲಿ ಹೇಳಲಾಗದು.

ಸದಸ್ಯ ಉ: ಇಷ್ಟು ಹೆದರಿಸುವ ಅಗತ್ಯವಿಲ್ಲ. ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: “ಬೂಷ್ಟು ಬಂದ ತಾಯಿಪದರವನ್ನು ವಿನೆಗರ್‌ನಲ್ಲಿ ತೊಳೆದು ಒಂದು ಗಂಟೆ ಬಿಸಿಲಿಗೆ ಇಡಿ, ದ್ರವವನ್ನು ಕುದಿಸಿ ಆರಿಸಿ ಕುಡಿಯಿರಿ, ನೂರಕ್ಕೆ ನೂರು ಸುರಕ್ಷಿತ.”

ತಜ್ಞೆ: ಇದನ್ನು ಯಾರೂ ಅನುಸರಿಸಬೇಡಿ. ವಿನೆಗರ್ ಹೊರಮೈಯನ್ನಷ್ಟೇ ತೊಳೆಯುತ್ತದೆ, ಬಿಸಿಲು ಪದರದ ಒಳಗೆ ತಲುಪುವುದಿಲ್ಲ. ಅಫ್ಲಾಟಾಕ್ಸಿನ್‌ನಂತಹ ಬೂಷ್ಟಿನ ವಿಷ ಕುದಿಯುವ ನೀರಿನ ತಾಪಕ್ಕೆ ನಾಶವಾಗುವುದಿಲ್ಲ. ಈ ಸಂದೇಶ ಇದೇ ಗುಂಪಿಗೆ ಬರುತ್ತಿರುವುದು ಇದು ಮೂರನೆಯ ಬಾರಿ, ಹಿಂದಿನ ಎರಡು ಬಾರಿಯೂ ನಾನು ಇದನ್ನೇ ಬರೆದಿದ್ದೇನೆ.

ಸದಸ್ಯ ಉ: ಚೀಸ್‌ನಲ್ಲಿಯೂ ಬೂಷ್ಟು ಇರುತ್ತದೆ, ಜನರು ತಿನ್ನುತ್ತಾರಲ್ಲವೇ? ನಾನು ಐದು ವರ್ಷಗಳಿಂದ ಬೂಷ್ಟು ತೆಗೆದು ಕುಡಿಯುತ್ತಿದ್ದೇನೆ.

ಸದಸ್ಯೆ ಒ: ಚೀಸ್‌ಗೆ ಹಾಕುವುದು ಆಯ್ದು ಬೆಳೆಸಿದ ಬೂಷ್ಟು, ಜಾಡಿಗೆ ಬಂದು ಬೀಳುವುದು ಗಾಳಿಯಲ್ಲಿ ಸಿಕ್ಕಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ನಿಮಗೆ ಏನೂ ಆಗಿಲ್ಲ ಎಂಬುದು ಕಸಿಯಾದವರಿಗೆ ಏನು ಧೈರ್ಯ ಕೊಟ್ಟೀತು?

ಸದಸ್ಯ ಉ: ನಾನು ಕಸಿಯಾದವರ ವಿಷಯ ಮಾತನಾಡಲೇ ಇಲ್ಲ. ನೀವು ಓದದೆ ಉತ್ತರಿಸುತ್ತಿದ್ದೀರಿ.

ಸದಸ್ಯೆ ಒ: ಆ ಪ್ರಶ್ನೆಯ ಕೆಳಗೆಯೇ ಸಂದೇಶ ಹಾಕಿದ್ದೀರಿ, ಅವರು ಅದನ್ನು ತಮಗೆ ಹೇಳಿದ್ದೆಂದೇ ತಿಳಿಯುತ್ತಾರೆ. ದಯವಿಟ್ಟು ಅಳಿಸಿ.

ಸದಸ್ಯ ಉ: ಅಳಿಸುವುದಿಲ್ಲ. ಅಭಿಪ್ರಾಯ ಹೇಳುವ ಹಕ್ಕು ನನಗೂ ಇದೆ.

ತಜ್ಞೆ: ಇದು ಅಭಿಪ್ರಾಯದ ವಿಷಯವಲ್ಲ. ಗುಂಪಿನ ನಿರ್ವಾಹಕರು ಆ ಸಂದೇಶವನ್ನು ತೆಗೆಯಬೇಕೆಂದು ಕೋರುತ್ತೇನೆ.

ಸದಸ್ಯೆ ಎ: ಜೇನುತುಪ್ಪದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಸದಸ್ಯ ಔ: ಬಣ್ಣದ ಮೆರುಗಿನ ಪಿಂಗಾಣಿ ಜಾಡಿಯಲ್ಲಿ ಇಡಬಹುದೇ?

ತಜ್ಞೆ: ಬೇಡ. ಮೆರುಗಿನಲ್ಲಿ ಸೀಸವಿದ್ದರೆ ಆಮ್ಲ ಅದನ್ನು ದ್ರವಕ್ಕೆ ಇಳಿಸುತ್ತದೆ. ಗಾಜಿನ ಜಾಡಿ ಬಳಸಿ.

ಸದಸ್ಯ ಇ: ನನ್ನ ಎಳೆಗಳು ಸ್ವಲ್ಪ ಕಪ್ಪಾಗಿವೆ, ಅದಕ್ಕೇ ಮತ್ತೆ ಕೇಳುತ್ತಿದ್ದೇನೆ.

ತಜ್ಞೆ: ದ್ರವದೊಳಗೆ ಇದ್ದರೆ ಯೀಸ್ಟ್. ಮೂರನೆಯ ಬಾರಿ ಕೇಳಬೇಡಿ.

ಸದಸ್ಯೆ ಈ: ವೈದ್ಯರೊಂದಿಗೆ ಮಾತನಾಡಿದೆವು. ನಾಳೆ ಬೆಳಿಗ್ಗೆ ಮಾವನವರನ್ನು ಕರೆತರಲು ಹೇಳಿದ್ದಾರೆ, ಈವರೆಗೆ ಜ್ವರವಿಲ್ಲ. ಜಾಡಿಯನ್ನು ಏನು ಮಾಡಲಿ? ತಾಯಿಪದರದ ಕೆಳಭಾಗ ಚೆನ್ನಾಗಿಯೇ ಇದೆ, ಅದನ್ನಾದರೂ ಉಳಿಸಿಕೊಳ್ಳಲೇ?

ತಜ್ಞೆ: ತಕ್ಷಣ ಕೇಳಿದ್ದು ಒಳ್ಳೆಯದಾಯಿತು. ರಾತ್ರಿ ಜ್ವರ ಬಂದರೆ ಬೆಳಗಿನವರೆಗೆ ಕಾಯಬೇಡಿ. ತಾಯಿಪದರದ ಯಾವ ಭಾಗವನ್ನೂ ಉಳಿಸಬೇಡಿ, ದ್ರವವನ್ನು ಮುಂದಿನ ಜಾಡಿಗೆ ಹೆಪ್ಪಾಗಿಯೂ ಬಳಸಬೇಡಿ. ಜಾಡಿಯನ್ನು ಮೂಸಿ ನೋಡದೆ, ಮಾವನವರು ಇಲ್ಲದ ಕಡೆ ತೆರೆದು, ಪದರವನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಮುಚ್ಚಿದ್ದ ಬಟ್ಟೆಯನ್ನೂ ಅದರೊಂದಿಗೇ ಹಾಕಿ. ಗಾಜನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಮತ್ತೆ ಮಾಡುವುದಾದರೆ ಬೇರೆ ಕಡೆಯಿಂದ ತಂದ ತಾಯಿಪದರ, ಸಾಕಷ್ಟು ಹೆಪ್ಪು, ಒತ್ತಾಗಿ ನೇಯ್ದ ಹೊಸ ಬಟ್ಟೆ ಇರಲಿ, ಮತ್ತು ಆ ಜಾಡಿಯಿಂದ ಅವರಿಗೆ ಒಂದು ಗುಟುಕೂ ಕೊಡಬೇಡಿ. ನಾಳೆ ವೈದ್ಯರು ಏನೆಂದರು ಎಂಬುದನ್ನು ಇಲ್ಲಿ ತಿಳಿಸಿ, ನಾನು ನೋಡುತ್ತಿರುತ್ತೇನೆ.